ಹಿತ್ತಲಲ್ಲಿ ಬ್ಲ್ಯಾಕ್ ವಾಲ್ನಟ್ ಮರ ಇದ್ಯಾ? ಟೊಮೆಟೊ, ಬದನೆ ನೆಡೋ ಮುಂಚೆ ಓದಿ

ಅಮೆರಿಕದ ಮಿಡ್‌ವೆಸ್ಟ್ ಕಡೆ ಹೊಸದಾಗಿ ಮನೆ ತಗೊಂಡಿರೋ ನಮ್ಮೋರಿಗೆಲ್ಲ ಇದನ್ನ ಹೇಳಲೇಬೇಕು ಅನ್ನಿಸ್ತು. ನಾವಿರೋದು ಒಹಾಯೊದಲ್ಲಿ. ಹಿತ್ತಲ ಬೇಲಿ ಹತ್ರ ಒಂದು ದೊಡ್ಡ ಮರ, ಅದರಿಂದ ಸ್ವಲ್ಪ ಈಚೆಗೆ ಒಳ್ಳೆ ಬಿಸಿಲು ಬೀಳೋ ಜಾಗ. ಮೇ ಶುರುವಲ್ಲಿ ತರಕಾರಿ ಬೆಡ್ ಹಾಕ್ಸೋಕೆ ತೋಟದ ಕೆಲಸ ಮಾಡಿಕೊಡೋ ಒಬ್ಬ ಲ್ಯಾಂಡ್‌ಸ್ಕೇಪರ್‌ನ ಕರೆಸಿ ಇದು ಯಾವ ಮರ, ಪಕ್ಕದಲ್ಲಿ ತರಕಾರಿ ಬರತ್ತಾ ಅಂತ ಕೇಳಿದ್ವಿ. ಆತ ತಲೆಯೆತ್ತಿ ಒಂದು ಸಲ ನೋಡಿ ‘ಆಶ್ ಮರ, ಏನ್ ಬೇಕಾದ್ರೂ ಹಾಕಿ’ ಅಂದ, ಬೆಡ್ ಕಟ್ಟಿ ಮಣ್ಣು ತುಂಬಿ ದುಡ್ಡು ಇಸ್ಕೊಂಡು ಹೋದ.

ಟೊಮೆಟೊ, ಬದನೆ, ಮೆಣಸಿನಗಿಡ, ಒಂದು ಬದಿಗೆ ಬೀನ್ಸ್. ಕಾಯಿ ಕಚ್ಚೋ ತನಕ ನೋಡೋಕೇ ಖುಷಿ. ಆಮೇಲೆ ಟೊಮೆಟೊ ಬಾಡೋಕೆ ಶುರು, ಮಣ್ಣಿಗೆ ಬೆರಳು ಹಾಕಿದ್ರೆ ಒದ್ದೆ ಇದೆ, ಗಿಡ ಮಾತ್ರ ತಿಂಗಳಿಂದ ನೀರು ಕಾಣದೋರ ಹಾಗೆ ಜೋತುಬಿದ್ದಿದೆ, ಬದನೆ ಎಲೆ ಹಳದಿ, ಮೆಣಸಿನಗಿಡ ಬೆಳೀತಾನೇ ಇಲ್ಲ. ನರ್ಸರಿಯಲ್ಲಿ ಫಂಗಸ್ ಅಂತ ಔಷಧಿ ಕೊಟ್ರು, ಅದರಿಂದ ಏನೂ ಆಗ್ಲಿಲ್ಲ. ವಿಚಿತ್ರ ಅಂದ್ರೆ ಅದೇ ಮಣ್ಣು, ಅದೇ ನೀರು, ಬೀನ್ಸ್ ಬಳ್ಳಿ ಆರಾಮಾಗಿ ಹಬ್ತಿತ್ತು. ಕೊನೆಗೆ ಯೂನಿವರ್ಸಿಟಿ ಎಕ್ಸ್‌ಟೆನ್ಷನ್ ಆಫೀಸಿಗೆ (ಬೆಳೆ, ತೋಟದ ಬಗ್ಗೆ ಜನರಿಗೆ ಸಲಹೆ ಕೊಡೋ ಕಚೇರಿ) ಗಿಡ ಕಿತ್ಕೊಂಡು ಹೋದ್ರೆ ಅವರು ಕೇಳಿದ ಮೊದಲನೇ ಪ್ರಶ್ನೆ, ಹತ್ರದಲ್ಲಿ ವಾಲ್ನಟ್ ಮರ ಇದ್ಯಾ?

ಆತ ಆಶ್ ಅಂದಿದ್ದ ಮರಾನೇ ವಾಲ್ನಟ್ ಆಗಿತ್ತು. ಇದು ನಾವು ಪ್ಯಾಕೆಟ್‌ನಲ್ಲಿ ತಿನ್ನೋ ಕಾಶ್ಮೀರದ ಅಕ್ರೋಟ್ ಅಲ್ಲ, ಇಲ್ಲಿನ ಕಾಡಿನ ಬ್ಲ್ಯಾಕ್ ವಾಲ್ನಟ್. ಬೇರು, ಮೊಗ್ಗು, ಕಾಯಿ ಸಿಪ್ಪೆ ಎಲ್ಲದರಲ್ಲೂ ಜಗ್ಲೋನ್ ಅನ್ನೋ ರಾಸಾಯನಿಕ ಇರತ್ತೆ. ಟೊಮೆಟೊ, ಆಲೂ, ಬದನೆ, ಮೆಣಸಿನಕಾಯಿಗೆ ಅದು ಆಗಿಬರಲ್ಲ, ಬೀನ್ಸ್, ಈರುಳ್ಳಿ, ಕ್ಯಾರೆಟ್, ಜೋಳ ತಡ್ಕೊಳತ್ತೆ. ತೋಟದಲ್ಲಿ ಆಗೋ ನಷ್ಟಕ್ಕೆ ಜಗ್ಲೋನ್ ಎಷ್ಟು ಕಾರಣ, ದೊಡ್ಡ ಮರ ನೀರು ಎಳ್ಕೊಳೋದು ಎಷ್ಟು ಕಾರಣ ಅಂತ ವಿಜ್ಞಾನಿಗಳಲ್ಲೇ ವಾದ ಇದೆ, ಆದ್ರೆ ಗಿಡ ಕಳ್ಕೊಂಡೋರಿಗೆ ಯಾವುದಾದ್ರೂ ಒಂದೇ, ಅಲ್ಲಿ ನೆಡಬೇಡಿ. ದೊಡ್ಡ ಮರ ಆದ್ರೆ ಬುಡದಿಂದ 50-60 ಅಡಿ ದೂರ ಬಿಡಿ ಅಂತಾರೆ. ಕೊಂಬೆ ಎಲ್ಲಿ ಮುಗಿಯತ್ತೋ ಬೇರು ಅದನ್ನೂ ದಾಟಿ ಹೋಗಿರತ್ತೆ. ನಮ್ಮ ಬೆಡ್‌ಗೆ ತಳಾನೇ ಇರ್ಲಿಲ್ಲ, ಬೇರು ಕೆಳಗಿಂದ ಬಂದು ಹೊಸ ಮಣ್ಣಿಗೇ ನುಗ್ಗಿತ್ತು. ಮರ ಕಡಿಸಿದ್ರೆ ಸರಿಹೋಗತ್ತೆ ಅಂತಲೂ ಅನ್ಕೋಬೇಡಿ, ಮಣ್ಣೊಳಗಿನ ಬೇರು ಕೊಳೆಯೋ ತನಕ ವರ್ಷಗಟ್ಟಲೆ ಅದೇ ಕಾಟ.

ಈಗ ಮರ ಗುರುತಿಸೋದು ಹೇಗೆ. ವಾಲ್ನಟ್ ವಸಂತದಲ್ಲಿ ತುಂಬಾ ತಡವಾಗಿ ಚಿಗುರತ್ತೆ, ಅಂದ್ರೆ ನಾವು ಬೆಡ್ ಹಾಕೋ ಹೊತ್ತಿಗೆ ಇನ್ನೂ ಬೋಳು ಬೋಳು, ಯಾಮಾರೋದೇ ಅಲ್ಲಿ. ಆಗ ಕೊಂಬೆ ನೋಡಿ. ಆಶ್ ಮರದಲ್ಲಿ ರೆಂಬೆ, ಮೊಗ್ಗು ಎದುರುಬದುರು ಜೋಡಿಯಾಗಿರತ್ತೆ, ವಾಲ್ನಟ್‌ನಲ್ಲಿ ಒಂದು ಈ ಕಡೆ, ಒಂದು ಆ ಕಡೆ. ಇನ್ನೂ ಅನುಮಾನ ಇದ್ರೆ ಬೆರಳು ದಪ್ಪದ ಒಂದು ಕಡ್ಡಿ ಮುರ್ಕೊಂಡು ಚಾಕುವಿಂದ ಉದ್ದಕ್ಕೆ ಸೀಳಿ. ವಾಲ್ನಟ್ ಆದ್ರೆ ನಡುವಿನ ತಿರುಳು ಗಟ್ಟಿಯಾಗಿರಲ್ಲ, ತೆಳು ಕಂದು ಬಣ್ಣದ ಅಡ್ಡ ಪದರ, ಮಧ್ಯೆ ಖಾಲಿ ಗೂಡು, ಮತ್ತೆ ಪದರ, ಏಣಿ ಮೆಟ್ಟಿಲು ಜೋಡಿಸಿದ ಹಾಗೆ. ಅದು ಕಂಡ್ರೆ ಆಶ್ ಅಂತೂ ಅಲ್ಲವೇ ಅಲ್ಲ. ಅಷ್ಟು ದೊಡ್ಡ ಆಶ್ ಮರ ಔಷಧಿ ಇಲ್ಲದೆ ಗಟ್ಟಿಯಾಗಿ ನಿಂತಿದೆ ಅಂದಾಗಲೇ ಆ ಲ್ಯಾಂಡ್‌ಸ್ಕೇಪರ್‌ಗೆ ಅನುಮಾನ ಬರಬೇಕಿತ್ತು, 2002ರಲ್ಲಿ ಮಿಷಿಗನ್‌ನಲ್ಲಿ ಸಿಕ್ಕ ಎಮರಾಲ್ಡ್ ಆಶ್ ಬೋರರ್ ಹುಳ ಈ ಕಡೆಯ ಆಶ್ ಮರಗಳನ್ನ ಎಷ್ಟು ಸಾಯಿಸಿದೆ ಅಂತ ಇದೇ ಕೆಲಸದೋರಿಗೆ ಗೊತ್ತಿರಲ್ವಾ?

ಎಲೆ ಬಂದ ಮೇಲೆ ಸುಲಭ. ಒಂದೊಂದು ಕಡ್ಡಿಗೆ 15ರಿಂದ 23 ಎಲೆ, ಅಂಚು ಗರಗಸ, ಎಷ್ಟೋ ಸಲ ತುದಿಯ ಎಲೆ ಇರೋದೇ ಇಲ್ಲ, ಉಜ್ಜಿದ್ರೆ ಘಾಟು ವಾಸನೆ. ಟ್ರೀ ಆಫ್ ಹೆವನ್ ಅನ್ನೋ ಇನ್ನೊಂದು ಮರ ಕೂಡ ಹೀಗೇ ಕಾಣತ್ತೆ, ಆದ್ರೆ ಅದರ ಎಲೆಗೆ ಬುಡದಲ್ಲಿ ಮಾತ್ರ ಒಂದೆರಡು ಹಲ್ಲು. ವಾಲ್ನಟ್ ತೊಗಟೆ ಕಪ್ಪಗೆ, ಆಳವಾದ ಬಿರುಕು. ಶರತ್ಕಾಲದಲ್ಲಿ ದುಂಡನೆ ಹಸಿರು ಕಾಯಿ ಬೀಳತ್ತೆ, ಬರಿಗೈಲಿ ಸುಲೀಬೇಡಿ, ಆ ಕಂದು ಕಲೆ ಸೋಪಿಗೆಲ್ಲ ಹೋಗಲ್ಲ, ಬಟ್ಟೆಗಾದ್ರಂತೂ ಮುಗೀತು.

ನಾಯಿ ಸಾಕಿರೋರು ಬಿದ್ದ ಕಾಯಿನ ಆಗಾಗ ಆರಿಸಿ ಎತ್ತಿಬಿಡಿ, ಬೂಷ್ಟು ಹಿಡಿದ ಸಿಪ್ಪೆ ತಿಂದು ನಾಯಿಗೆ ನಡುಕ, ಫಿಟ್ಸ್ ಬರೋದುಂಟು. ಕುದುರೆ ಇರೋ ಕಡೆ ಹಾಸೋಕೆ ಈ ಮರ ಕೊಯ್ದ ಹೊಟ್ಟು ಬೇಡವೇ ಬೇಡ, ಗೊರಸಿನ ಕಾಯಿಲೆ ಬರತ್ತೆ. ಮರ ಕಡಿಯೋರು ಫ್ರೀಯಾಗಿ ಮರದ ಚಿಪ್ಸ್ (ಚೂರು) ತಂದು ಸುರೀತೀವಿ ಅಂದ್ರೂ ಯಾವ ಮರದ್ದು ಅಂತ ಕೇಳಿ, ವಾಲ್ನಟ್ ಬೆರೆತಿದ್ರೆ ತರಕಾರಿ ಬೆಡ್‌ಗೆ ಹಾಕಬೇಡಿ. ನಾವು ಈ ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿನ ಮನೆ ಮುಂದೆ ಕುಂಡಗಳಲ್ಲಿ ಹಾಕಿದೀವಿ, ಹಿಂದಿನ ಬೆಡ್‌ನಲ್ಲಿ ಬರೀ ಬೀನ್ಸ್ ಮತ್ತೆ ಈರುಳ್ಳಿ.