ಗಿಟಾರ್ ಡ್ಯುಯೆಟ್ ಕ್ಲಾಸ್, ಬಸವನಗುಡಿ: ಎಂಟು ಭಾನುವಾರ ಹೋಗಿ ಬಂದ ಮೇಲೆ

ಆರು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಆದರೆ ಎರಡು ತಿಂಗಳ ಹಿಂದಿನವರೆಗೂ ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಚುಕ್ಕಿ ಇಟ್ಟು ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ) ನೋಡಿಕೊಂಡು ನೇರವಾಗಿ ನುಡಿಸಲು ನನಗೆ ಬರುತ್ತಿರಲಿಲ್ಲ. ಅಕ್ಷರ ಗೊತ್ತಿತ್ತು, ಓದು ಬರುತ್ತಿರಲಿಲ್ಲ. ಒಂದು ಸ್ವರ ಗುರುತಿಸಿ, ತಂತಿ ಹುಡುಕಿ, ಬೆರಳಿಟ್ಟು, ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಾಡು ಹಾಡಾಗಿ ಉಳಿಯುತ್ತಿರಲಿಲ್ಲ. ನನ್ನ ಹಾಗೆ ಕಷ್ಟಪಡುವವರು ಈ ಊರಲ್ಲಿ ತುಂಬಾ ಜನ ಇದ್ದಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಬುಲ್ ಟೆಂಪಲ್ ರಸ್ತೆಯಿಂದ ಒಳಗೆ ಹೋದರೆ ಒಂದು ಹಳೇ ಮನೆ. ಅದರ ಮಹಡಿ ಮೇಲಿನ ರೂಮಿನಲ್ಲಿ ಕ್ಲಾಸ್. ಬೋರ್ಡ್ ಇಲ್ಲ. ಹೆಸರು ಹಾಕಬೇಡಿ ಎಂದು ಮೇಷ್ಟ್ರು ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಅವರು ಮಾಡಿಸುವ ರೀತಿಯನ್ನು ಇಬ್ಬರು ಸ್ನೇಹಿತರು ಮನೆಯಲ್ಲೇ ಮಾಡಿಕೊಳ್ಳಬಹುದು, ಅದನ್ನು ಪೂರ್ತಿ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು, ಒಂದು ಗಂಟೆ ಹೊತ್ತು. ಎಂಟು ಕ್ಲಾಸಿಗೆ 4,800 ರೂಪಾಯಿ. ಒಂದು ಸಲಕ್ಕೆ ಇಬ್ಬರೇ. ಇಬ್ಬರೂ ಒಂದೇ ತುಣುಕಿನ ಬೇರೆ ಬೇರೆ ಭಾಗವನ್ನು ಹಾಳೆ ನೋಡಿಕೊಂಡು ಒಟ್ಟಿಗೆ ನುಡಿಸಬೇಕು, ಅದೇ ಡ್ಯುಯೆಟ್.

ಮೊದಲು ನಾನು ಹೋಗುತ್ತಿದ್ದ ಕಡೆ ಎಲ್ಲವನ್ನೂ ಟ್ಯಾಬ್ (ಟ್ಯಾಬ್ಲೇಚರ್) ಎಂಬ ಬರವಣಿಗೆಯಲ್ಲೇ ಹೇಳಿಕೊಟ್ಟರು. ಆರು ತಂತಿಗೆ ಆರು ಗೆರೆ, ಅದರ ಮೇಲೆ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡ ಪಟ್ಟಿ) ನಂಬರ್. ಬೆರಳು ಎಲ್ಲಿ ಇಡಬೇಕು ಎಂದು ತಕ್ಷಣ ತಿಳಿಯುತ್ತದೆ. ಆದರೆ ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು ಎಂಬುದು ಹೆಚ್ಚಿನ ಟ್ಯಾಬ್‌ಗಳಲ್ಲಿ ಇರುವುದಿಲ್ಲ. ಮೊದಲೇ ಕೇಳಿದ ಹಾಡಾದರೆ ಸರಿ. ಕೇಳದೇ ಇರುವುದು ಬಂದರೆ ಕೈ ಕಟ್ಟಿಹಾಕಿದ ಹಾಗೆ.

ಗಿಟಾರ್‌ನಲ್ಲಿ ಓದುವುದು ನಿಜಕ್ಕೂ ಕಷ್ಟ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕೀಬೋರ್ಡ್‌ನಲ್ಲಿ ಒಂದು ಸ್ವರಕ್ಕೆ ಒಂದೇ ಮನೆ. ಗಿಟಾರ್‌ನಲ್ಲಿ ಮೊದಲನೇ ತಂತಿಯನ್ನು ಸುಮ್ನೆ ಮೀಟಿದರೆ ಬರುವ ಇ (E) ಎಂಬ ಸ್ವರ ಎರಡನೇ ತಂತಿಯ 5ನೇ ಫ್ರೆಟ್‌ನಲ್ಲೂ ಇದೆ, ಮೂರನೆಯದರ 9ರಲ್ಲೂ ಇದೆ, ನಾಲ್ಕನೆಯದರ 14ರಲ್ಲೂ ಇದೆ. ಹಾಳೆ ಮೇಲೆ ಮಾತ್ರ ಒಂದೇ ಚುಕ್ಕಿ. ಎಲ್ಲಿ ನುಡಿಸಬೇಕು ಎಂದು ನಾವೇ ತೀರ್ಮಾನ ಮಾಡಬೇಕು, ಅದೂ ಓಡುತ್ತಾ.

ಚಿಕ್ಕವಳಿದ್ದಾಗ ನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೆ. ಸರಳೆ ವರಸೆ, ಜಂಟಿ ವರಸೆ, ಗೀತೆ. ಅಲ್ಲಿ ಪುಸ್ತಕ ಇದ್ದರೂ ಕಲಿತದ್ದು ಕಿವಿಯಿಂದ. ಮೇಡಂ ಹಾಡಿದ್ದನ್ನು ನಾವು ಹಾಡುತ್ತಿದ್ದೆವು. ಅಲ್ಲಿಂದ ನನಗೆ ಉಳಿದದ್ದು ತಾಳ. ಸಾಹಿತ್ಯ ಮರೆತರೂ ಪರವಾಗಿಲ್ಲ, ಕೈ ತಾಳ ಬಿಡಬಾರದು ಎನ್ನುತ್ತಿದ್ದರು. ಗಿಟಾರ್ ಹಿಡಿದರೆ ಎರಡು ಕೈಯೂ ಅದಕ್ಕೇ ಬೇಕು, ತಾಳ ಹಾಕಲು ಕೈ ಎಲ್ಲಿದೆ? ಒಬ್ಬಳೇ ಕೂತು ನುಡಿಸುವಾಗ ತಾಳ ಎಲ್ಲೆಲ್ಲೋ ಹೋಗುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಡ್ಯುಯೆಟ್‌ನಲ್ಲಿ ಪಕ್ಕದಲ್ಲಿ ಕೂತವರೇ ನಮ್ಮ ತಾಳ.

ನನಗೆ ಜೋಡಿಯಾಗಿ ಸಿಕ್ಕಿದ್ದು ಹತ್ತನೇ ಕ್ಲಾಸಿನ ಹುಡುಗ. ಗ್ರೇಡ್ ಪರೀಕ್ಷೆಗೆ ತಯಾರಾಗುತ್ತಿದ್ದ. ಆ ಪರೀಕ್ಷೆಯಲ್ಲಿ ಮೊದಲು ನೋಡಿರದ ಒಂದು ಸಣ್ಣ ತುಣುಕು ಕೊಟ್ಟು, ಅರ್ಧ ನಿಮಿಷ ನೋಡಲು ಬಿಟ್ಟು, ನುಡಿಸಿ ಎನ್ನುತ್ತಾರೆ. ಅವನಿಗೆ ಅದೇ ಭಯ. ನನ್ನದೂ ಅದೇ ಭಯ, ಪರೀಕ್ಷೆ ಇಲ್ಲ ಅಷ್ಟೇ.

ಮೇಷ್ಟ್ರು ಕೊಡುವುದು ಹೆಚ್ಚಾಗಿ ಹಳೆಯ ಕಾಲದವರ ಡ್ಯುಯೆಟ್‌ಗಳು. ನೇಪಲ್ಸ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ಫರ್ಡಿನಾಂಡೊ ಕಾರುಲ್ಲಿ (1770–1841) ಕಲಿಯುವವರಿಗೆಂದೇ ಎರಡು ಗಿಟಾರ್‌ಗೆ ತುಂಬಾ ಬರೆದಿದ್ದಾರೆ. ಬಾರ್ಸಿಲೋನಾದ ಫರ್ನಾಂಡೊ ಸೋರ್ (1778–1839) ಅವರ ಓಪಸ್ 34ರಲ್ಲಂತೂ (ಅಂದರೆ 34ನೇ ಕೃತಿ) ಒಂದು ಭಾಗ ಶಿಷ್ಯನಿಗೆ, ಇನ್ನೊಂದು ಗುರುವಿಗೆ. ಶಿಷ್ಯನ ಪಾಲಿಗೆ ಹಾಡಿನ ಎಳೆ, ಗುರುವಿನದು ಅದಕ್ಕೆ ಒತ್ತಾಸೆ. ನಮ್ಮಲ್ಲಿ ಗುರುಗಳು ಜೊತೆಗೆ ಹಾಡುತ್ತಾ ಎತ್ತಿ ನಡೆಸುತ್ತಾರಲ್ಲ, ಅದನ್ನೇ ಹಾಳೆ ಮೇಲೆ ಬರೆದಿಟ್ಟ ಹಾಗಿದೆ. ಇವಕ್ಕೆಲ್ಲ ಕಾಪಿರೈಟ್ ಮುಗಿದಿದೆ. ಐಎಂಎಸ್‌ಎಲ್‌ಪಿ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ದುಡ್ಡು ಕೊಟ್ಟು ಪುಸ್ತಕ ಕೊಳ್ಳಬೇಕಾಗಿಲ್ಲ.

ಹೊಸ ಹಾಳೆ ಬಂದ ಕೂಡಲೇ ಗಿಟಾರ್ ಮುಟ್ಟುವ ಹಾಗಿಲ್ಲ. ಎರಡು ನಿಮಿಷ ಕಣ್ಣಲ್ಲೇ ನೋಡಬೇಕು: ಶಾರ್ಪ್, ಫ್ಲ್ಯಾಟ್ (ಸ್ವರವನ್ನು ಸ್ವಲ್ಪ ಏರಿಸುವ, ಇಳಿಸುವ ಗುರುತು) ಎಷ್ಟು, ಬಾರ್‌ಗೆ (ನಮ್ಮ ತಾಳದ ಒಂದು ಆವರ್ತದ ಹಾಗೆ) ಎಷ್ಟು ಬೀಟ್, ಅಂದರೆ ಎಣಿಕೆ, ಎಲ್ಲಕ್ಕಿಂತ ಕಷ್ಟದ ಬಾರ್ ಯಾವುದು. ಆ ಕಷ್ಟದ ಬಾರ್ ಎಷ್ಟು ನಿಧಾನಕ್ಕೆ ಬರುತ್ತದೋ ಅದೇ ವೇಗದಲ್ಲಿ ಪೂರ್ತಿ ತುಣುಕು. ಮೊದಲ ವಾರ ಮೆಟ್ರೊನೋಮ್ (ಟಿಕ್ ಟಿಕ್ ಎಂದು ತಾಳ ಹಿಡಿಯುವ ಯಂತ್ರ) ನಿಮಿಷಕ್ಕೆ 50 ಬೀಟ್‌ನಲ್ಲಿ ಇತ್ತು. ಆಮೇಲೆ ಇಬ್ಬರೂ ತಮ್ಮ ತಮ್ಮ ಲಯವನ್ನು ಚಪ್ಪಾಳೆಯಲ್ಲಿ ತಟ್ಟಬೇಕು. ಆಮೇಲೆ ಶುರುವಿನಿಂದ ಕೊನೆಯವರೆಗೆ ಒಂದೇ ಸಲ, ನಿಲ್ಲದೆ. ಮುಗಿದ ಮೇಲೆ ಭಾಗ ಅದಲು ಬದಲು. ಎರಡು ವಾರಕ್ಕಿಂತ ಜಾಸ್ತಿ ಯಾವ ಹಾಳೆಯೂ ಇಲ್ಲ. "ಮೂರನೇ ವಾರಕ್ಕೆ ಬೆರಳಿಗೆ ಬಾಯಿಪಾಠ ಆಗಿರುತ್ತೆ ಮೇಡಂ, ಕಣ್ಣು ಕೆಲಸ ಮಾಡಲ್ಲ" ಎಂದರು. ನಿಜ. ಮನೆಯಲ್ಲಿ ನಾನು ಓದುತ್ತಿದ್ದೇನೆ ಅಂದುಕೊಂಡದ್ದು ಹೆಚ್ಚಿನದು ನೆನಪೇ ಆಗಿತ್ತು.

ನಾಲ್ಕನೇ ಭಾನುವಾರದ ಒಂದು ವಿಷಯ ಹೇಳಲೇಬೇಕು. ಅವತ್ತಿನ ತುಣುಕು ಬಾರ್‌ಗೆ ಮೂರು ಬೀಟ್, ಎ ಮೈನರ್ ಸ್ಕೇಲ್. ಮೇಲಿನ ಭಾಗ ನನ್ನದು, ಕೆಳಗಿನದು ಹುಡುಗನದು. 16ನೇ ಬಾರ್‌ನ ಕೊನೆಯ ಸ್ವರದಿಂದ 17ರ ಒಳಗೆ ಒಂದು ಟೈ ಇತ್ತು. ಅಂದರೆ ಆ ಸ್ವರವನ್ನು ಮುಂದಿನ ಬಾರ್‌ನ ಮೊದಲ ಬೀಟ್ ಮುಗಿಯುವವರೆಗೆ ಹಿಡಿದಿರಬೇಕು. ನಾನು ಹಿಡಿಯದೆ ಮುಂದೆ ಹೋದೆ. ಒಂದು ಬೀಟ್ ಮುಂದಾಯಿತು. ಅವನ ಐದನೇ ತಂತಿಯ ಎ ನನ್ನ ಎರಡನೇ ಬೀಟ್ ಮೇಲೆ ಬೀಳತೊಡಗಿತು. ಎಲ್ಲವೂ ಒರಟಾಗಿ ಕೇಳಿಸಿತು. ಮನೆಯಲ್ಲಾಗಿದ್ದರೆ ನಿಲ್ಲಿಸಿ ಮತ್ತೆ 16ರಿಂದ ಶುರು ಮಾಡುತ್ತಿದ್ದೆ. ಇಲ್ಲಿ ಹುಡುಗ ನಿಲ್ಲಲಿಲ್ಲ. ನಿಲ್ಲಬಾರದು ಎಂಬುದೇ ನಿಯಮ. ದಾರಿ ತಪ್ಪಿದವರು ತಂತಿಯಿಂದ ಕೈ ಎತ್ತಿ ಕಿವಿಗೊಡಬೇಕು. ನುಡಿಸುತ್ತಿರುವವರು ಪ್ರತಿ ಬಾರ್ ಶುರುವಿಗೆ "ಒಂದು" ಎಂದು ಹೇಳಬೇಕು. ಅವನು ಹೇಳಿದ, "ಒಂದು... ಒಂದು..." ಹಾಳೆಯಲ್ಲಿ ಇಬ್ಬರ ಸಾಲೂ ಒಂದರ ಕೆಳಗೆ ಒಂದು ಇತ್ತು. ಅವನ ಸಾಲನ್ನು ನೋಡಿದೆ. 20ನೇ ಬಾರ್‌ನಲ್ಲಿ ಎ ಹೋಗಿ ಆರನೇ ತಂತಿಯ ಇ ಬರುತ್ತದೆ. ಸ್ಟಾಫ್‌ನ ಕೆಳಗೆ ಮೂರು ಪುಟ್ಟ ಗೆರೆ, ಅದರ ಅಡಿಯಲ್ಲಿ ನೇತಾಡುವ ಚುಕ್ಕಿ. ಎಷ್ಟು ದೂರದಿಂದಲೂ ಗುರುತು ಸಿಗುತ್ತದೆ. ಆ ದಪ್ಪ ಇ ಕಿವಿಗೆ ಬಿದ್ದ ಕೂಡಲೇ ಕಣ್ಣನ್ನು 20ರ ಮೇಲೆ ಇಟ್ಟೆ, 21ಕ್ಕೆ ಸೇರಿಕೊಂಡೆ.

ಕಿವಿಗೆ ಕೇಳಿದ್ದು ಹಾಳೆಯಲ್ಲಿ ಎಲ್ಲಿದೆ ಎಂದು ನನ್ನ ಜೀವನದಲ್ಲಿ ಮೊದಲ ಸಲ ಕಂಡಿತ್ತು. ಮುಗಿದ ಮೇಲೆ ಹುಡುಗ "ಆಂಟಿ, ವಾಪಸ್ ಬಂದ್ರಿ ಅಲ್ವಾ!" ಎಂದ. ಅವನ ಮುಖ ನನಗಿಂತ ಅರಳಿತ್ತು.

ಎರಡನೇ ಭಾಗವನ್ನು ಯಾರೂ ಕೀಳಾಗಿ ನೋಡಬೇಡಿ. ಹಾಡಿನ ಎಳೆ ಮೇಲಿನ ಭಾಗದಲ್ಲಿ ಇರುವುದರಿಂದ ಎಲ್ಲರಿಗೂ ಅದೇ ಬೇಕು. ಆದರೆ ಸ್ಟಾಫ್‌ನ ಕೆಳಗಿನ ಸ್ವರಗಳಲ್ಲೇ ನಾವು ಹೆಚ್ಚು ಎಡವುವುದು. ನಾಲ್ಕು, ಐದು, ಆರನೇ ತಂತಿ ಅಂದರೆ ಕೆಲವರಿಗೆ ಬರೀ ಕಾರ್ಡ್‌ಗೆ (ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದಕ್ಕೆ) ಬೇಕಾದ ತಂತಿಗಳು. ಎಂಟು ವಾರ ಕೆಳಗಿನ ಸಾಲು ಓದಿದ ಮೇಲೆ ಜಿ, ಎಫ್, ಇ ಎಣಿಸದೆ ಕಾಣುತ್ತವೆ.

ಕೊರತೆಗಳೂ ಇವೆ. ಝೆರಾಕ್ಸ್ ಹಾಳೆಗಳು ತೀರಾ ತೆಳು, ಗೆರೆ ಮಾಸಿರುತ್ತದೆ. ಕಣ್ಣಿಗೇ ಕಲಿಸುವ ಕ್ಲಾಸಿನಲ್ಲಿ ಇದು ಸಣ್ಣ ವಿಷಯ ಅಲ್ಲ. ನಾನು ಮೂರನೇ ವಾರದಿಂದ ಹಾಳೆಯ ಹೆಸರು ಮೊದಲೇ ಕೇಳಿಕೊಂಡು ದೊಡ್ಡದಾಗಿ ಪ್ರಿಂಟ್ ತೆಗೆಸಿದೆ. ಆಮೇಲೆ, ಎಲ್ಲವೂ ಮೊದಲ ನಾಲ್ಕು ಫ್ರೆಟ್ ಒಳಗೇ ಇತ್ತು. 5ನೇ ಫ್ರೆಟ್‌ನಿಂದ ಮೇಲೆ ಓದುವುದನ್ನು ಮುಟ್ಟಲೇ ಇಲ್ಲ. ನಮ್ಮ ಮಟ್ಟದ ಡ್ಯುಯೆಟ್‌ಗಳಲ್ಲಿ ಒಬ್ಬರಿಗೆ ಒಂದು ಸಲಕ್ಕೆ ಹೆಚ್ಚಾಗಿ ಒಂದೇ ಸ್ವರ. ಕಾರ್ಡ್ ಓದುವುದು, ಒಂದೇ ಗಿಟಾರ್‌ನಲ್ಲಿ ಎರಡು ಎಳೆ ಓದುವುದು ಇದರಿಂದ ಬರುವುದಿಲ್ಲ. ಜೋಡಿ ಸರಿ ಬೀಳದಿದ್ದರೂ ಕಷ್ಟ. ಹುಡುಗ ಬರದ ಒಂದು ವಾರ ಮೇಷ್ಟ್ರೇ ಜೊತೆಗೆ ನುಡಿಸಿದರು. ಅವರು ಎಲ್ಲೂ ತಪ್ಪುವುದಿಲ್ಲ, ಹಾಗಾಗಿ ನಾನು ಹಿಂದೆ ಹಿಂದೆ ಹೋದೆ ಅಷ್ಟೇ, ಅಷ್ಟಾಗಿ ಓದಲಿಲ್ಲ.

ಮನೆಯಲ್ಲಿ ವಾರದ ದಿನ ಎರಡನೇ ಭಾಗವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅದರ ಜೊತೆ ಮೊದಲನೆಯದನ್ನು ನುಡಿಸುತ್ತೇನೆ. ದಿನಕ್ಕೆ ಹದಿನೈದು ನಿಮಿಷ. ಇದೂ ಉಪಯೋಗಕ್ಕೆ ಬರುತ್ತದೆ. ಫೋನ್ ನಿಲ್ಲುವುದಿಲ್ಲ. ಆದರೆ ನಾನು ದಾರಿ ತಪ್ಪಿದಾಗ "ಒಂದು" ಎಂದು ಕರೆಯುವುದೂ ಇಲ್ಲ.

ಹುಡುಗ ಇನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಬರುವುದಿಲ್ಲ. ನಾನು ಇನ್ನೊಂದು ಎಂಟು ವಾರಕ್ಕೆ ದುಡ್ಡು ಕಟ್ಟಿದ್ದೇನೆ. ಹೊಸ ಜೋಡಿ ರಿಟೈರ್ ಆದ ಒಬ್ಬರು ಹಿರಿಯರಂತೆ, ಈಗಷ್ಟೇ ಸ್ಟಾಫ್ ಕಲಿಯುತ್ತಿದ್ದಾರಂತೆ. ಕೆಳಗಿನ ಸಾಲು ನನಗೇ ಕೊಡಿ ಎಂದು ಮೇಷ್ಟ್ರಿಗೆ ಹೇಳಿಟ್ಟಿದ್ದೇನೆ.