ಹೈಪಾಟ್ ಪರೀಕ್ಷೆಯ ಮೇಜು: ಎರಡು ಕೈ ಗುಂಡಿ, ಬೆಳಕಿನ ಪರದೆ, ಬಾಗಿಲಿರುವ ಪೆಟ್ಟಿಗೆ

ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಮೋಟಾರು, ಪಂಪು, ಸಣ್ಣ ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸುವ ಘಟಕಗಳಿಗೆ ಹೈಪಾಟ್ ಪರೀಕ್ಷೆ, ಅಂದರೆ ಹೆಚ್ಚಿನ ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಪರೀಕ್ಷಿಸುವುದು, ದಿನನಿತ್ಯದ ಕೆಲಸ. 415 ವೋಲ್ಟಿನ ಹೊಸ ಮೋಟಾರಾದರೆ ಆ ವೋಲ್ಟೇಜಿನ ಎರಡರಷ್ಟಕ್ಕೆ 1000 ಕೂಡಿಸಿ, ಅಂದರೆ 1830 ವೋಲ್ಟನ್ನು, ವೈಂಡಿಂಗಿಗೂ ಬಾಡಿಗೂ ನಡುವೆ ಒಂದು ನಿಮಿಷ ಕೊಟ್ಟು ಇನ್ಸುಲೇಶನ್ ತಡೆಯುತ್ತದೆಯೇ ಎಂದು ನೋಡಬೇಕು. ಆ ಒಂದು ನಿಮಿಷ ಯಾರ ಕೈಯೂ ಅಲ್ಲಿಗೆ ಹೋಗದಂತೆ ತಡೆಯುವ ಮೂರು ವ್ಯವಸ್ಥೆಗಳಲ್ಲಿ ನಾನು ಕೆಲಸ ಮಾಡಿದ್ದೇನೆ.

ಎಷ್ಟು ಪ್ರವಾಹ ಹರಿದರೆ ಟೆಸ್ಟರು ತಾನಾಗಿ ವೋಲ್ಟೇಜ್ ಕಡಿಯಬೇಕೆಂಬ ಟ್ರಿಪ್ ಮಿತಿಯನ್ನು ಕಡಿಮೆ ಇಟ್ಟರೆ ಸಾಕು, ಬೇರೆ ರಕ್ಷಣೆ ಬೇಡ ಎಂಬ ನಂಬಿಕೆ ಅನೇಕರಲ್ಲಿದೆ. ಆ ಟ್ರಿಪ್ ಇರುವುದು ಇನ್ಸುಲೇಶನ್ ಸೋತದ್ದನ್ನು ಗುರುತಿಸಲು, ಮನುಷ್ಯನನ್ನು ಕಾಯಲು ಅಲ್ಲ. ಪರೀಕ್ಷಾ ಸ್ಥಳಗಳ ಕುರಿತ ಯುರೋಪಿನ ಮಾನದಂಡ ಇಎನ್ 50191, ಮುಟ್ಟಿದರೂ ಅಪಾಯವಿಲ್ಲ ಎನ್ನಲು ಪ್ರವಾಹವನ್ನು ಎಸಿಯಲ್ಲಿ 3 ಮಿಲಿಆಂಪಿಯರಿಗೆ, ಡಿಸಿಯಲ್ಲಿ 12 ಮಿಲಿಆಂಪಿಯರಿಗೆ ಸೀಮಿತಗೊಳಿಸುತ್ತದೆ. ಹೆಚ್ಚಿನ ಸಾಮರ್ಥ್ಯದ ಟೆಸ್ಟರುಗಳು ಇದನ್ನು ಸುಲಭವಾಗಿ ಮೀರುತ್ತವೆ.

ಎರಡು ಕೈ ಗುಂಡಿ ಆ ಮೂರು ವ್ಯವಸ್ಥೆಗಳಲ್ಲಿ ಅಗ್ಗದ್ದು. ಎರಡು ಗುಂಡಿಗಳನ್ನೂ ಒಟ್ಟಿಗೇ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ವೋಲ್ಟೇಜ್ ಬರುವುದರಿಂದ ಆಪರೇಟರಿನ ಕೈ ಪ್ರೋಬಿನ ಬಳಿ ಇರಲು ಸಾಧ್ಯವೇ ಇಲ್ಲ. ಒಂದೆರಡು ಸೆಕೆಂಡುಗಳ ಉತ್ಪಾದನಾ ಪರೀಕ್ಷೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಪೂರ್ತಿ ಒಂದು ನಿಮಿಷ ಒತ್ತಿ ನಿಲ್ಲಬೇಕಾದಾಗ ಕೈ ಸೋಲುತ್ತದೆ, ಒಂದು ಗುಂಡಿಯನ್ನು ಮೊಣಕೈಯಿಂದಲೋ ಮರದ ತುಂಡಿನಿಂದಲೋ ಒತ್ತಿಡುವ ಉಪಾಯಗಳು ಹುಟ್ಟಿಕೊಳ್ಳುತ್ತವೆ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಇದು ಗುಂಡಿ ಒತ್ತುವವನನ್ನು ಮಾತ್ರ ಕಾಯುತ್ತದೆ. ಮೇಜಿನ ಆಚೆ ಬದಿಯಿಂದ ಮುಂದಿನ ಮೋಟಾರನ್ನು ತಂದಿಡುವ ಸಹಾಯಕನಿಗೆ ಯಾವ ರಕ್ಷಣೆಯೂ ಇಲ್ಲ.

ಬೆಳಕಿನ ಪರದೆಯಲ್ಲಿ, ಅಂದರೆ ಸಾಲಾಗಿ ಹಾಯುವ ಬೆಳಕಿನ ಕಿರಣಗಳ ತಡೆಯಲ್ಲಿ, ಕೆಲಸದ ವೇಗ ಕುಗ್ಗುವುದಿಲ್ಲ, ಕೈ ಅಡ್ಡ ಬಂದೊಡನೆ ಟೆಸ್ಟರಿನ ಔಟ್‌ಪುಟ್ ಕಡಿತವಾಗುತ್ತದೆ. ಆದರೆ ಪರದೆಯನ್ನು ಎಷ್ಟು ದೂರದಲ್ಲಿ ನಿಲ್ಲಿಸಬೇಕೆಂಬ ಲೆಕ್ಕವನ್ನು ಯಾರೂ ಅಂದಾಜಿಗೆ ಬಿಡಬಾರದು. ಐಎಸ್‌ಒ 13855 ಕೈಯ ವೇಗವನ್ನು ಸೆಕೆಂಡಿಗೆ 2 ಮೀಟರ್ ಎಂದು ಹಿಡಿಯುತ್ತದೆ. ಪರದೆ, ರಿಲೇ, ಟೆಸ್ಟರು ಎಲ್ಲವೂ ಸೇರಿ ನಿಲ್ಲಲು 100 ಮಿಲಿಸೆಕೆಂಡ್ ತೆಗೆದುಕೊಂಡರೆ ಕೈ ಅಷ್ಟರಲ್ಲಿ 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಅದರ ಮೇಲೆ ಮಾನದಂಡ ಹೇಳುವ ಹೆಚ್ಚುವರಿ ಅಂತರವನ್ನೂ ಕೂಡಿಸಬೇಕು. ಪರದೆ ಇಲ್ಲದ ಬದಿಗಳನ್ನು ಗಟ್ಟಿಯಾಗಿ ಮುಚ್ಚದಿದ್ದರೆ ಇಷ್ಟು ಖರ್ಚು ಮಾಡಿಯೂ ಪ್ರಯೋಜನವಿಲ್ಲ. ಮೇಲಾಗಿ, ಇನ್ಸುಲೇಶನ್ ಒಡೆದಾಗ ಸಿಡಿಯುವ ಚೂರನ್ನು ಬೆಳಕು ತಡೆಯದು.

ಪಾರದರ್ಶಕ ಮುಚ್ಚಳವಿರುವ ಇಂಟರ್‌ಲಾಕ್ ಪೆಟ್ಟಿಗೆಯನ್ನೇ ನಾನು ಮೆಚ್ಚುತ್ತೇನೆ. ಮುಚ್ಚಳ ತೆರೆದರೆ ವೋಲ್ಟೇಜ್ ಇಲ್ಲ ಎಂಬ ಒಂದೇ ನಿಯಮ ಆಪರೇಟರು, ಸಹಾಯಕ, ನೋಡಲು ಬಂದವರು ಎಲ್ಲರಿಗೂ ಸಮನಾಗಿ ಅನ್ವಯಿಸುತ್ತದೆ. ಇಂಟರ್‌ಲಾಕ್ ಸ್ವಿಚ್ಚಿನ ಆಯ್ಕೆಯಲ್ಲಿ ಮಾತ್ರ ಜಿಪುಣತನ ಸಲ್ಲದು. ಅಯಸ್ಕಾಂತ ಹತ್ತಿರ ಬಂದರೆ ಕೂಡುವ ಸಾಮಾನ್ಯ ರೀಡ್ ಸ್ವಿಚ್ ಹಾಕಿದ್ದ ಒಂದು ಪೆಟ್ಟಿಗೆಯಲ್ಲಿ ಮುಚ್ಚಳದ ಅಯಸ್ಕಾಂತವನ್ನು ಕಿತ್ತು ಸ್ವಿಚ್ಚಿನ ಮೇಲೆಯೇ ಇನ್ಸುಲೇಶನ್ ಟೇಪಿನಿಂದ ಸುತ್ತಿದ್ದರು. ಮುಚ್ಚಳ ಹಾರುಹೊಡೆದಿದ್ದರೂ ಟೆಸ್ಟರಿಗೆ ಅದು ಮುಚ್ಚಿದಂತೆಯೇ ಕಾಣುತ್ತಿತ್ತು. ತನ್ನ ಜೋಡಿ ತುಂಡನ್ನು ಮಾತ್ರ ಗುರುತಿಸುವ ಕೋಡ್ ಇರುವ, ಎರಡು ಸಂಪರ್ಕಗಳ ಸ್ವಿಚ್ಚನ್ನು ಬಳಸಿ ಟೆಸ್ಟರಿನ ಇಂಟರ್‌ಲಾಕ್ ಟರ್ಮಿನಲ್ಲಿಗೇ ಜೋಡಿಸಿದರೆ ಇಂತಹ ಉಪಾಯ ಮಾಡುವುದು ಕಷ್ಟವಾಗುತ್ತದೆ. ಪ್ರತಿ ಸಲ ತೆರೆದು ಮುಚ್ಚುವುದಕ್ಕೆ ಸಮಯ ಹಿಡಿಯುತ್ತದೆ ನಿಜ, ಆದರೆ ಒಂದು ನಿಮಿಷದ ಪರೀಕ್ಷೆಯಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ.

ಡಿಸಿ ಪರೀಕ್ಷೆಯಲ್ಲಿ ಈ ಮೂರೂ ಒಂದೇ ಕಡೆ ಸೋಲುತ್ತವೆ, ಏಕೆಂದರೆ ವೋಲ್ಟೇಜ್ ಕಡಿತವಾದರೂ ವಸ್ತುವಿನಲ್ಲಿ ಚಾರ್ಜ್ ಉಳಿಯುತ್ತದೆ. 0.3 ಮೈಕ್ರೋಫ್ಯಾರಡ್ ಕೆಪಾಸಿಟೆನ್ಸ್ ಇರುವ ಕೇಬಲ್ಲಿಗೆ 5 ಕಿಲೋವೋಲ್ಟ್ ಕೊಟ್ಟರೆ ಅದರಲ್ಲಿ ಸುಮಾರು 3.75 ಜೂಲ್ ಶಕ್ತಿ ನಿಲ್ಲುತ್ತದೆ, ಇದು ಮೇಲೆ ಹೇಳಿದ ಇಎನ್ 50191 ಮಾನದಂಡದ 350 ಮಿಲಿಜೂಲ್ ಮಿತಿಯ ಹತ್ತು ಪಟ್ಟಿಗೂ ಹೆಚ್ಚು. ಪೆಟ್ಟಿಗೆಗೆ ಇಲ್ಲೊಂದು ಅನುಕೂಲವಿದೆ: ಚಾರ್ಜ್ ಇಳಿಯುವವರೆಗೆ ಮುಚ್ಚಳ ತೆರೆಯದಂತೆ ಬೀಗ ಹಾಕುವ ಸ್ವಿಚ್ಚನ್ನು ಕೂರಿಸಬಹುದು. ಆದರೂ ಅರ್ಥಿಂಗಿಗೆ ಜೋಡಿಸಿದ ಡಿಸ್ಚಾರ್ಜ್ ರಾಡ್ ಮುಟ್ಟಿಸದೆ ಲೀಡ್ ಕಳಚಬಾರದು.

ಯಾವುದನ್ನೇ ಆರಿಸಿದರೂ ಆಪರೇಟರಿನ ಕಾಲಡಿ ಐಎಸ್ 15652 ಗುರುತಿರುವ ಇನ್ಸುಲೇಟಿಂಗ್ ಮ್ಯಾಟ್ ಇರಲಿ. ಎಲೆಕ್ಟ್ರಾನಿಕ್ಸ್ ವಿಭಾಗದಿಂದ ತಂದ ಆ್ಯಂಟಿಸ್ಟ್ಯಾಟಿಕ್ ಮ್ಯಾಟನ್ನು ಇಲ್ಲಿ ಹಾಸಬೇಡಿ, ಅದು ಚಾರ್ಜನ್ನು ನೆಲಕ್ಕೆ ಹರಿಸಲೆಂದೇ ಮಾಡಿದ್ದು. ಕ್ರೇನಿನಲ್ಲಿ ತರಬೇಕಾದ ದೊಡ್ಡ ಮೋಟಾರು ಯಾವ ಪೆಟ್ಟಿಗೆಯಲ್ಲೂ ಹಿಡಿಸದು. ಅದಕ್ಕೆ ಅರ್ಥ್ ಮಾಡಿದ ಲೋಹದ ಬೇಲಿ, ಇಂಟರ್‌ಲಾಕ್ ಇರುವ ಗೇಟು, ಮೇಲೆ ಕೆಂಪು ದೀಪ ಬೇಕು. ತುರ್ತು ನಿಲುಗಡೆಯ ಗುಂಡಿಗಳಲ್ಲಿ ಒಂದಾದರೂ ಬೇಲಿಯ ಹೊರಗೆ, ಆಪರೇಟರಿಗೆ ಏನಾದರೂ ಆದರೆ ಬೇರೊಬ್ಬರ ಕೈಗೆ ತಕ್ಷಣ ಎಟಕುವ ಜಾಗದಲ್ಲಿರಬೇಕು.