‘ಪಾಸ್‌ವರ್ಡ್ ಬದಲಿಸಬೇಡಿ’ ಎಂದು ಹೇಳಿ ಪಿಎಸ್ 4 ಮಾರುವವರಿಂದ ದೂರವಿರಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಮಕ್ಕಳಿಗಾಗಿ ಹಳೆಯ ಪ್ಲೇಸ್ಟೇಷನ್ (ಪಿಎಸ್, ಅಂದರೆ ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಸೋನಿ ಕಂಪನಿಯ ಯಂತ್ರ) ಹುಡುಕುತ್ತಿರುವ ತಂದೆತಾಯಿಗಳು ಹಣ ಕೊಡುವ ಮುನ್ನ ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕು. ನಾನು 21,000 ರೂಪಾಯಿ ಕೊಟ್ಟು, ನನ್ನದಲ್ಲದ ಆನ್‌ಲೈನ್ ಆಟದ ಖಾತೆಯೊಂದನ್ನು ನನ್ನದೆಂದು ನಂಬಿ ಮನೆಗೆ ತಂದೆ. 23 ದಿನಗಳ ನಂತರ ಕೊಟ್ಟವರೇ ಅದನ್ನು ಕಿತ್ತುಕೊಂಡರು. ಯಂತ್ರ ಈಗಲೂ ನಮ್ಮ ಟಿವಿಯ ಕೆಳಗೇ ಇದೆ, ಆದರೆ ಯಾವುದಕ್ಕಾಗಿ ಕೊಂಡೆನೋ ಅದು ಆ ದಿನವೇ ಹೋಯಿತು.

ನನ್ನ ಅಕ್ಕನ ಮನೆಯವರು ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮಿಂದ ಎರಡು ಬೀದಿ ಆಚೆ ಇದ್ದರು. ಭಾವನವರಿಗೆ ವರ್ಗವಾಗಿ 2023ರಲ್ಲಿ ಬೆಂಗಳೂರಿಗೆ ಹೋದರು. ಅವರ ಮಗನೂ ನನ್ನ ಮಗನೂ ಒಂದೇ ಶಾಲೆಯಲ್ಲಿ ಓದಿ, ಸಂಜೆಯಾದರೆ ಒಂದೇ ಮೈದಾನದಲ್ಲಿ ಆಡಿ, ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆದವರು. ಅವರು ಹೋದ ಮೇಲೆ ನನ್ನ ಮಗ ಮೈದಾನಕ್ಕೆ ಹೋಗುವುದನ್ನೇ ಕಡಿಮೆ ಮಾಡಿದ. ಅಲ್ಲಿ ಅಕ್ಕನ ಮಗನಿಗೆ ಪಿಎಸ್ 5 ಕೊಡಿಸಿದ್ದರು. ‘ನೀನೂ ಒಂದು ತಗೊಂಡರೆ ದಿನಾ ಫುಟ್‌ಬಾಲ್ ಆಡಬಹುದು’ ಎಂದು ಅವನು ಫೋನಿನಲ್ಲಿ ಹೇಳುತ್ತಲೇ ಇದ್ದ. ಅವನು ಆಡುತ್ತಿದ್ದದ್ದು ಇಎ ಸ್ಪೋರ್ಟ್ಸ್ ಎಫ್‌ಸಿ 24 ಎಂಬ ಆಟ. 2024ರ ಏಪ್ರಿಲ್‌ನಲ್ಲಿ ಮಗನ ಪರೀಕ್ಷೆ ಮುಗಿದಾಗ ನಾನೂ ಮನಸ್ಸು ಮಾಡಿದೆ. ಹೊಸ ಪಿಎಸ್ 5ರ ಬೆಲೆ ಆಗ 54,990 ರೂಪಾಯಿ, ಅದು ನನ್ನ ಕೈಗೆ ನಿಲುಕುವಂತಿರಲಿಲ್ಲ. ಹಾಗಾಗಿ ಅದಕ್ಕಿಂತ ಹಿಂದಿನ ಮಾದರಿಯಾದ ಪಿಎಸ್ 4ನ್ನು, ಅದೂ ಬಳಸಿದ್ದನ್ನು ಹುಡುಕತೊಡಗಿದೆ.

ಮಾರುವ-ಕೊಳ್ಳುವ ಗುಂಪೊಂದರಲ್ಲಿ ನಮ್ಮ ಊರಿನದೇ ಅಂಗಡಿಯ ಜಾಹೀರಾತು ಕಂಡಿತು. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ‘ಪಿಎಸ್ 4 ಸ್ಲಿಮ್, ಎರಡು ಕಂಟ್ರೋಲರ್, ಎಫ್‌ಸಿ 24, ಒಂದು ವರ್ಷದ ಆನ್‌ಲೈನ್, ಕ್ರಾಸ್‌ಪ್ಲೇ ಸಹಿತ’ ಎಂದು ಬರೆದಿದ್ದರು. ಕ್ರಾಸ್‌ಪ್ಲೇ ಎಂದರೆ ಬೇರೆ ಬೇರೆ ಕಂಪನಿಗಳ ಯಂತ್ರ ಇರುವವರು ಒಂದೇ ಪಂದ್ಯದಲ್ಲಿ ಕೂಡಿ ಆಡುವುದು ಎಂಬಷ್ಟು ಮಗ ನನಗೆ ಹೇಳಿಕೊಟ್ಟಿದ್ದ. ನಾನು ಅಂಗಡಿಗೆ ಹೋಗಿ, ಒಂದು ಸಲವಲ್ಲ, ಮೂರು ಸಲ ಒಂದೇ ಪ್ರಶ್ನೆ ಕೇಳಿದೆ. ಬೆಂಗಳೂರಿನಲ್ಲಿರುವ ಹುಡುಗನ ಬಳಿ ಪಿಎಸ್ 5 ಇದೆ, ಇದು ಪಿಎಸ್ 4, ಇಬ್ಬರೂ ಕೂಡಿ ಆಡಬಹುದೇ?

‘ಆಡಬಹುದ್ರೀ ಸರ್, ಇದ್ರಲ್ಲಿ ಕ್ರಾಸ್‌ಪ್ಲೇ ಐತಿ. ಎದುರಿನವರ ಹತ್ರ ಯಾವ್ದಾದ್ರೂ ಇರ್ಲಿ, ನಡಿತತಿ’ ಎಂದರು. ಅಷ್ಟಕ್ಕೇ ನಿಲ್ಲಿಸದೆ, ಅಲ್ಲೇ ಟಿವಿಯಲ್ಲಿ ಒಂದು ಪಂದ್ಯ ಶುರುಮಾಡಿ, ಎದುರಾಳಿಯ ಹೆಸರಿನ ಪಕ್ಕದ ಚಿಕ್ಕ ಗುರುತನ್ನು ತೋರಿಸಿ, ‘ನೋಡ್ರಿ, ಇವ್ನು ಎಕ್ಸ್‌ಬಾಕ್ಸ್‌ನವ್ನು, ಅವ್ನ ಜೊತೆನೇ ಆಡ್ತತಿ ಅಂದ್ಮೇಲೆ ಪಿಎಸ್ 5 ಏನು ದೊಡ್ಡದು’ ಎಂದರು. ಕಣ್ಣೆದುರಿಗೇ ಕಂಡದ್ದನ್ನು ಹೇಗೆ ನಂಬದಿರಲಿ? ಎಕ್ಸ್‌ಬಾಕ್ಸ್ ಎಂದರೆ ಮೈಕ್ರೋಸಾಫ್ಟ್ ಕಂಪನಿಯ ಇಂಥದೇ ಯಂತ್ರ. ಆ ಎದುರಾಳಿ ನಿಜವಾಗಿಯೂ ಎಕ್ಸ್‌ಬಾಕ್ಸ್‌ನವನೇ ಇದ್ದಿರಬಹುದು. ಆದರೆ ಅವನದು ಹಳೆಯ ಎಕ್ಸ್‌ಬಾಕ್ಸ್ ಒನ್. ಈ ಆಟದಲ್ಲಿ ಪಿಎಸ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಇರುವವರು ಒಂದು ಕಡೆ, ಪಿಎಸ್ 5, ಹೊಸ ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರ್ ಇರುವವರು ಇನ್ನೊಂದು ಕಡೆ, ಈ ಎರಡರ ನಡುವೆ ದಾರಿಯೇ ಇಲ್ಲ. ಬೇರೆ ಕಂಪನಿಯ ಯಂತ್ರದೊಂದಿಗೆ ಆಡಬಹುದು, ಅದೇ ಕಂಪನಿಯ ಮುಂದಿನ ಯಂತ್ರದೊಂದಿಗೆ ಆಡಲಾಗದು. ದಿನವೂ ಇದನ್ನೇ ಮಾರಿ ಬದುಕುವವರಿಗೆ ಇದು ಗೊತ್ತಿರಲಿಲ್ಲವೆಂದು ನಾನು ಒಪ್ಪುವುದಿಲ್ಲ.

ಹಣ ಕೊಟ್ಟ ಮೇಲೆ ಒಂದು ಬಿಳಿಯ ಚೀಟಿಯಲ್ಲಿ ಮಿಂಚಂಚೆ ವಿಳಾಸ, ಪಾಸ್‌ವರ್ಡ್ ಬರೆದುಕೊಟ್ಟರು. ‘ಇದ್ರಲ್ಲೇ ಆಡ್ಲಿ ಸರ್, ಗೇಮು, ಆನ್‌ಲೈನು ಎಲ್ಲ ಇದ್ರಲ್ಲೇ ಐತಿ. ಪಾಸ್‌ವರ್ಡ್ ಮಾತ್ರ ಚೇಂಜ್ ಮಾಡ್ಬೇಡಿ, ಮಾಡಿದ್ರೆ ವಾರಂಟಿ ಹೋಗ್ತತಿ.’ ಬಿಲ್ ಕೇಳಿದ್ದಕ್ಕೆ ‘ಸೆಕೆಂಡ್ ಹ್ಯಾಂಡಿಗೆ ಬಿಲ್ ಬರಲ್ಲ ಸರ್’ ಎಂದರು. ನಾನು ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ 16 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮೆಕ್ಕೆಜೋಳದ ಒಂದು ಚೀಲದ ತೂಕ ತಾಳೆಯಾಗದಿದ್ದರೆ ಪಟ್ಟಿಗೆ ಸಹಿ ಹಾಕುವುದಿಲ್ಲ. ಅಂಥವನು ಆ ಬಿಳಿ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದೆ. ನನ್ನ ವಸ್ತುವಿನ ಪಾಸ್‌ವರ್ಡನ್ನು ನಾನೇ ಬದಲಿಸಬಾರದು ಎಂದರೆ ಆ ವಸ್ತು ನನ್ನದು ಹೇಗಾಯಿತು ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಮಗ ಪಕ್ಕದಲ್ಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ.

ಆ ರಾತ್ರಿಯೇ ಮೊದಲ ಸುಳ್ಳು ಹೊರಬಿತ್ತು. ಎಷ್ಟು ಪ್ರಯತ್ನಿಸಿದರೂ ಬೆಂಗಳೂರಿಗೆ ಆಟದ ಕರೆ ಹೋಗಲಿಲ್ಲ. ಕೊನೆಗೆ ಅಕ್ಕನ ಮಗನೇ ಹುಡುಕಿ ನೋಡಿ, ‘ಮಾಮಾ, ನಿಮ್ಮದು ಪಿಎಸ್ 4ರ ಆವೃತ್ತಿ, ನನ್ನದರ ಜೊತೆ ಕೂಡೋದಿಲ್ಲ. ನಾನೇ ನನ್ನ ಪಿಎಸ್ 5ರಲ್ಲಿ ಪಿಎಸ್ 4ರ ಆವೃತ್ತಿ ಹಾಕ್ಕೋತೀನಿ’ ಎಂದ. ಅವನು ಕೊಂಡಿದ್ದ ಆಟದಲ್ಲಿ ಎರಡೂ ಆವೃತ್ತಿಗಳಿದ್ದದ್ದು ನಮ್ಮ ಅದೃಷ್ಟ. ತನ್ನ ಹೊಸ ಯಂತ್ರದಲ್ಲಿ ಹಳೆಯದನ್ನು ಆಡಲು ಆ ಹುಡುಗ ಒಪ್ಪಿದ್ದರಿಂದ ಮಾತ್ರ ಮೂರು ವಾರ ಇವರಿಬ್ಬರೂ ಆಡಿದರು. ಅಂಗಡಿಯವರಿಗೆ ಫೋನ್ ಮಾಡಿ ಕೇಳಿದಾಗ, ‘ಫೋರ್ಟ್‌ನೈಟ್ ಆಡ್ಸಿ ಸರ್, ಅದು ಎಲ್ಲದ್ರ ಜೊತೆನೂ ಆಡ್ತತಿ’ ಎಂದರು. ಹೌದು, ಅದು ಆಡುತ್ತದೆ. ಸೋನಿ ಕಂಪನಿ 2018ರ ಸೆಪ್ಟೆಂಬರ್‌ನಲ್ಲಿ ಆ ಆಟದಿಂದಲೇ ಬೇರೆ ಕಂಪನಿಗಳ ಯಂತ್ರಗಳಿಗೆ ಬಾಗಿಲು ತೆರೆಯಿತು. ಅದು ಉಚಿತ ಆಟ, ಅದಕ್ಕೆ ಪಿಎಸ್ ಪ್ಲಸ್ (ಆನ್‌ಲೈನ್ ಆಡಲು ಸೋನಿಗೆ ಕಟ್ಟುವ ಚಂದಾ) ಕೂಡ ಬೇಡ. ಆದರೆ ನಾನು ಕೇಳಿದ್ದು ಫೋರ್ಟ್‌ನೈಟ್ ಅಲ್ಲ, ಹಣ ಕೊಟ್ಟದ್ದೂ ಅದಕ್ಕಲ್ಲ. ಒಂದು ಆಟದಲ್ಲಿರುವ ಸೌಲಭ್ಯವನ್ನು ಇನ್ನೊಂದು ಆಟದ ಹೆಸರಿನಲ್ಲಿ ಮಾರಿದರು. ಜಿಟಿಎ ಆನ್‌ಲೈನ್‌ನಂಥ ಹೆಸರಾಂತ ಆಟದಲ್ಲಿಯೂ ಪಿಎಸ್ 4ರವರು ಪಿಎಸ್ 5ರವರೊಂದಿಗೆ ಆಡಲಾಗುವುದಿಲ್ಲ. ಕ್ರಾಸ್‌ಪ್ಲೇ ಇರುವುದು ಆಯಾ ಆಟದಲ್ಲಿ. ಅದನ್ನು ಯಂತ್ರದ ಗುಣವೆಂಬಂತೆ ಜಾಹೀರಾತಿನಲ್ಲಿ ಬರೆಯುವುದೇ ತಪ್ಪು.

ಈ ಮೂರು ವಾರಗಳಲ್ಲಿ ಮಗ ಆ ಖಾತೆಯಲ್ಲಿ ತನ್ನದೊಂದು ತಂಡ ಕಟ್ಟಿದ. ತನ್ನ ಹೆಸರಿನ ಮೊದಲ ಅಕ್ಷರ, ಅಕ್ಕನ ಮಗನ ಹೆಸರಿನ ಮೊದಲ ಅಕ್ಷರ, ಅದರ ಮುಂದೆ ನಿಟುವಳ್ಳಿ, ಇದು ತಂಡದ ಹೆಸರು. ಅವನ ಹುಟ್ಟುಹಬ್ಬಕ್ಕೆ ನಾನು 1,000 ರೂಪಾಯಿಯ ಪ್ಲೇಸ್ಟೇಷನ್ ಗಿಫ್ಟ್ ಕಾರ್ಡ್ ತಂದು ಅದೇ ಖಾತೆಗೆ ಹಾಕಿಸಿದೆ, ಆ ಹಣದಲ್ಲಿ ಅವನು ತಂಡಕ್ಕೆ ಆಟಗಾರರನ್ನು ಪಡೆದ.

ಒಂದು ಭಾನುವಾರ ಬೆಳಿಗ್ಗೆ ಯಂತ್ರ ಹಾಕಿದಾಗ ಆಟದ ಚಿತ್ರದ ಮೇಲೆ ಬೀಗದ ಗುರುತು ಬಂದಿತ್ತು. ಚೀಟಿಯಲ್ಲಿದ್ದ ಪಾಸ್‌ವರ್ಡ್ ಹಾಕಿದರೆ ತಪ್ಪೆಂದು ತೋರಿಸಿತು. ಅಕ್ಷರ ಅಕ್ಷರ ನೋಡಿ ಹತ್ತು ಸಲ ಹಾಕಿದೆವು. ಅಂಗಡಿಗೆ ಸಂದೇಶ ಕಳಿಸಿದೆ. ಅವರ ಉತ್ತರಗಳನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ. ಮೊದಲು ‘ಸರ್ವರ್ ಡೌನ್ ಐತಿ ಸರ್, ಎರಡು ದಿನ ನೋಡಿ’ ಎಂದರು. ಎರಡು ದಿನ ಕಳೆದ ಮೇಲೆ ‘ನಿಮ್ ಹುಡುಗ ಏನೋ ಒತ್ತಿರ್ತಾನೆ’ ಎಂದರು. ನನ್ನ ಮಗನನ್ನು ಕೂರಿಸಿಕೊಂಡು, ಏನು ಒತ್ತಿದೆ ಹೇಳು ಎಂದು ಗದರಿಸಿದೆ. ಅವನು ಅತ್ತ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ, ಏಕೆಂದರೆ ಹುಡುಗ ಏನನ್ನೂ ಒತ್ತಿರಲಿಲ್ಲ. ಮರುದಿನ ‘ಅಕೌಂಟ್ ಕಂಪನಿಯವ್ರೇ ತೆಗೆದಿರ್ತಾರೆ, ನಮ್ ಕೈಲಿ ಇಲ್ಲ’ ಎಂದರು. ಅದರ ಮರುದಿನ, ‘1,500 ಹಾಕಿ ಸರ್, ಬೇರೆ ಅಕೌಂಟ್ ಕೊಡ್ತೀನಿ, ಇದು ಪಕ್ಕಾ’ ಎಂದರು. ಪಕ್ಕಾ ಎಂಬ ಆ ಮಾತನ್ನು ಓದಿದಾಗ, ಮೊದಲು ಕೊಟ್ಟದ್ದು ಪಕ್ಕಾ ಅಲ್ಲವೆಂದು ಇವರಿಗೆ ಮೊದಲೇ ಗೊತ್ತಿತ್ತು ಎಂಬುದು ಖಚಿತವಾಯಿತು.

ಸಂಜೆ ಕೆಲಸ ಮುಗಿಸಿ ಮಗನನ್ನು ಕರೆದುಕೊಂಡು ನೇರವಾಗಿ ಅಂಗಡಿಗೆ ಹೋದೆ. ಅಲ್ಲಿ ಇನ್ನೊಬ್ಬ ತಂದೆ ತನ್ನ ಚಿಕ್ಕ ಹುಡುಗನೊಂದಿಗೆ ನಿಂತಿದ್ದರು. ಅವರಿಗೆ ಟಿವಿಯಲ್ಲಿ ಅದೇ ಆಟವನ್ನು ತೋರಿಸುತ್ತಿದ್ದರು. ನಾನು ಮಾತು ಶುರುಮಾಡುವಷ್ಟರಲ್ಲಿ ಮಗ ನನ್ನ ಅಂಗಿ ಎಳೆದು, ‘ಅಪ್ಪಾಜಿ, ಅದು ನನ್ನ ಟೀಮು’ ಎಂದ. ನೋಡಿದೆ. ಅವನ ಹೆಸರಿನ ಅಕ್ಷರ, ಅಕ್ಕನ ಮಗನ ಅಕ್ಷರ, ನಿಟುವಳ್ಳಿ. ನನ್ನ ಮಗ ಕಟ್ಟಿದ ತಂಡ, ನಾನು ಹಾಕಿಸಿದ 1,000 ರೂಪಾಯಿಯಲ್ಲಿ ಬಂದ ಆಟಗಾರರು, ಎಲ್ಲವೂ ಇನ್ನೊಬ್ಬರಿಗೆ ಮಾರಲು ಆ ಟಿವಿಯ ಮೇಲೆ ಇತ್ತು. ಕಂಪನಿಯವರು ತೆಗೆದಿರಲಿಲ್ಲ, ಸರ್ವರ್ ಕೆಟ್ಟಿರಲಿಲ್ಲ, ಮಗ ಏನನ್ನೂ ಒತ್ತಿರಲಿಲ್ಲ. ಅವರೇ ಪಾಸ್‌ವರ್ಡ್ ಬದಲಿಸಿ ಅದೇ ಖಾತೆಯನ್ನು ಮತ್ತೆ ಮಾರುತ್ತಿದ್ದರು. ಮೈಯೆಲ್ಲ ಬೆಂಕಿಯಾಯಿತು. ಇದೇನಿದು ಎಂದು ಟಿವಿಯನ್ನು ತೋರಿಸಿ ಕೇಳಿದೆ. ಅವರು ಥಟ್ಟನೆ ಟಿವಿ ಆರಿಸಿ, ‘ಸೆಕೆಂಡ್ ಹ್ಯಾಂಡ್ ಅಂತ ಹೇಳೇ ಕೊಟ್ಟಿದ್ದೀವಲ್ಲ ಸರ್. ಮಷೀನ್ ಆನ್ ಆಗ್ತತೋ ಇಲ್ವೋ, ಅದನ್ನ ಹೇಳ್ರಿ’ ಎಂದರು.

ಮಷೀನ್ ಆನ್ ಆಗುತ್ತದೆ. ಅಷ್ಟಕ್ಕೆ ನಾನು 21,000 ಕೊಟ್ಟೆನೇ? ಆಟ, ಒಂದು ವರ್ಷದ ಆನ್‌ಲೈನ್ ಎಂದು ಜಾಹೀರಾತಿನಲ್ಲಿ ಬರೆದವರು ನೀವೇ ಅಲ್ಲವೇ ಎಂದು ಕೇಳಿದರೆ, ‘ಬಿಲ್ ಐತಾ ಸರ್?’ ಎಂದರು. ಬಿಲ್ ಬರುವುದಿಲ್ಲ ಎಂದು ಹೇಳಿದ ಬಾಯಿಯೇ ಬಿಲ್ ಇದೆಯೇ ಎಂದು ಕೇಳಿತು. ಪಕ್ಕದಲ್ಲಿದ್ದ ಆ ತಂದೆ ನಮ್ಮಿಬ್ಬರನ್ನೂ ನೋಡಿ, ‘ಫೋನ್ ಮಾಡ್ತೀನಿ’ ಎಂದು ಹೇಳಿ ಮಗನ ಕೈ ಹಿಡಿದು ಹೊರಟುಹೋದರು. ಅವರ ಹಣವಾದರೂ ಆ ದಿನ ಉಳಿಯಿತು. ಮನೆಗೆ ಬರುವಷ್ಟರಲ್ಲಿ ಅಂಗಡಿಯವರು ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದ್ದರು.

ಇದರ ಒಳಗುಟ್ಟು ನನಗೆ ತಿಳಿದದ್ದು ಆಮೇಲೆ. ಪ್ಲೇಸ್ಟೇಷನ್ ಖಾತೆಯೊಂದಕ್ಕೆ ಒಂದೇ ಪಿಎಸ್ 4ನ್ನು ಪ್ರೈಮರಿ ಎಂದು ಗುರುತಿಸಬಹುದು. ಆ ಯಂತ್ರದಲ್ಲಿ ಆ ಖಾತೆಯ ಆಟಗಳು ತೆರೆದುಕೊಳ್ಳುತ್ತವೆ. ಖಾತೆಯ ಮಿಂಚಂಚೆ ಯಾರ ಕೈಯಲ್ಲಿದೆಯೋ ಅವರು ದೂರದಿಂದಲೇ ಪಾಸ್‌ವರ್ಡ್ ಬದಲಿಸಬಹುದು, ಆರು ತಿಂಗಳಿಗೊಮ್ಮೆ ಎಲ್ಲ ಯಂತ್ರಗಳ ಗುರುತನ್ನೂ ಒಟ್ಟಿಗೆ ಅಳಿಸಬಹುದು. ಅಳಿಸಿದೊಡನೆ ನಮ್ಮ ಮನೆಯ ಯಂತ್ರದಲ್ಲಿ ಬೀಗ ಬೀಳುತ್ತದೆ. ಖಾತೆಯನ್ನು ಹೀಗೆ ಮಾರುವುದಕ್ಕೆ ಕಂಪನಿಯ ನಿಯಮದಲ್ಲಿಯೇ ಅವಕಾಶವಿಲ್ಲದ್ದರಿಂದ ಕಂಪನಿಯ ಮುಂದೆ ಹೋಗಿ ಇದು ನನ್ನದು ಎಂದು ಹೇಳುವ ಹಕ್ಕೂ ನನಗಿಲ್ಲ.

ಕೊಳ್ಳುವವರು ಅಂಗಡಿಯಲ್ಲೇ ನಿಮ್ಮ ಮಿಂಚಂಚೆಯಿಂದ ಹೊಸ ಖಾತೆ ತೆರೆದು ಆ ಯಂತ್ರದಲ್ಲಿ ಲಾಗಿನ್ ಆಗಿ ನೋಡಿ. ಕಂಪನಿ ನಿಷೇಧಿಸಿದ ಯಂತ್ರವಾಗಿದ್ದರೆ ಅಲ್ಲಿಯೇ ತಿಳಿಯುತ್ತದೆ. ಆಟವನ್ನು ಡಿಸ್ಕ್‌ನಲ್ಲಿಯೇ ಕೇಳಿ, ಅದನ್ನು ಯಾರೂ ದೂರದಿಂದ ಬೀಗ ಹಾಕಲಾರರು. ಪಿಎಸ್ 3ರ ಕಾಲದಲ್ಲಿ ಆನ್‌ಲೈನ್ ಆಟ ಉಚಿತವಿತ್ತು, ಪಿಎಸ್ 4ರಿಂದ ಈಚೆಗೆ ಹಣ ಕೊಟ್ಟು ಕೊಂಡ ಆಟಗಳಿಗೆ ಪಿಎಸ್ ಪ್ಲಸ್ ಬೇಕೇ ಬೇಕು, ಅದನ್ನು ನಿಮ್ಮ ಸ್ವಂತ ಖಾತೆಗೆ ನೀವೇ ಕಟ್ಟಿ. ಯಾರೊಂದಿಗೆ ಆಡಬೇಕೋ ಅವರಿಗೆ ಅಲ್ಲಿಂದಲೇ ಫೋನ್ ಮಾಡಿ, ಅದೇ ಆಟದಲ್ಲಿ ಒಂದು ಪಂದ್ಯ ಆಡಿಸಿ, ಆಮೇಲೆ ಹಣ ಕೊಡಿ. ಬಿಲ್ ಕೊಡದಿದ್ದರೆ ಎದ್ದು ಬನ್ನಿ. ನಾನು ಎದ್ದು ಬರಬೇಕಿತ್ತು.

ಈಗ ನನ್ನ ಹೆಸರಿನಲ್ಲೇ ಖಾತೆ ತೆರೆದು, ಹಳೆಯ ಡಿಸ್ಕ್ ಒಂದನ್ನು ಕೊಂಡು, ತಿಂಗಳಿಗೆ 499 ರೂಪಾಯಿಯ ಚಂದಾ ಕಟ್ಟಿದ್ದೇನೆ. ಹುಡುಗರು ಮತ್ತೆ ಆಡುತ್ತಿದ್ದಾರೆ. ಹೊಸ ತಂಡಕ್ಕೆ ಮಗ ಹಳೆಯ ಹೆಸರು ಇಡಲಿಲ್ಲ, ನಾನೂ ಕೇಳಲಿಲ್ಲ. 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಕಾಗದಗಳನ್ನು ಹೊಂದಿಸುತ್ತಿದ್ದೇನೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಜಾಹೀರಾತಿನ ಚಿತ್ರ, ಯುಪಿಐ ರಸೀದಿ, ಅವರ ಅಷ್ಟೂ ಉತ್ತರಗಳು, ಆ ಬಿಳಿ ಚೀಟಿ ನನ್ನ ಬಳಿ ಇವೆ. ಒಂದೇ ಖಾತೆಯನ್ನು ಒಬ್ಬರಾದ ಮೇಲೆ ಒಬ್ಬರಿಗೆ ಮಾರಿರುವುದರಿಂದ ಇಂಥದೇ ಚೀಟಿ ದಾವಣಗೆರೆಯ ಬೇರೆ ಮನೆಗಳಲ್ಲಿಯೂ ಇರಲೇಬೇಕು. ನಿಮ್ಮ ಮನೆಯಲ್ಲಿದ್ದರೆ ಅದನ್ನು ಎಸೆಯಬೇಡಿ, ನನಗೆ ತಿಳಿಸಿ, ಒಟ್ಟಿಗೆ ದೂರು ಕೊಡೋಣ.